ಎಡಗಡೆ ಸ್ಪ್ಯಾನರ್, ಬಲಗಡೆ ಪತ್ರೊಡೆ

ಆಂಟಿಯ ಹೆಲ್ಮೆಟ್ಟಿನ ಒಳಗೆ, ಹಣೆ ತಾಗುವ ಸ್ಪಂಜಿನ ಮೇಲೆ, ದುಂಡಗಿನ ಒಂದು ಕೆಂಪು ಕಲೆ ಇತ್ತು. ವರ್ಷಗಟ್ಟಲೆ ಹಣೆಯ ಕುಂಕುಮ ಒತ್ತಿ ಒತ್ತಿ ಆದದ್ದು. ಹೆಲ್ಮೆಟ್ ತೆಗೆದ ಕೂಡಲೇ ಅವರು ಬೈಕಿನ ಕನ್ನಡಿಗೆ ಬಗ್ಗಿ, ಜಾಕೆಟ್ಟಿನ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಅಳಿಸಿಹೋದ ಬೊಟ್ಟನ್ನು ಮತ್ತೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆಯೇ ಮಾತು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು, ಅದೇ ಬೆರಳಿನ ತುದಿಯಲ್ಲಿ ಕುಂಕುಮ. ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಬೆರಳು.

ಆಂಟಿ ನನ್ನ ಅಮ್ಮನ ಹಾಸ್ಟೆಲ್ ಗೆಳತಿ. ಊರು ಉಡುಪಿ. ಮದುವೆಯಾಗಿ ಅಮೆರಿಕಕ್ಕೆ ಬಂದು, ಲಾಸ್ ಏಂಜಲಿಸ್ ಕಡೆಯ ಡೈಮಂಡ್ ಬಾರ್ ಎಂಬ ಊರಿನ ಗುಡ್ಡದ ಮೇಲೆ ಮನೆ ಮಾಡಿಕೊಂಡು, ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನಿಂದ ಸ್ಯಾನ್ ಡಿಯೇಗೋದ ಮೀರಾ ಮೆಸಾಕ್ಕೆ ಬಂದಿಳಿದೆ. ಗಂಡನಿಗೆ ಟೆಲಿಕಾಂ ಕಂಪನಿಯ ಕೆಲಸ, ನನಗೆ ಕೆಲಸ ಮಾಡುವ ವೀಸಾ ಇಲ್ಲ, ಡ್ರೈವಿಂಗ್ ಬರುವುದಿಲ್ಲ. ಕಾರಿಲ್ಲದವರಿಗೆ ಮೀರಾ ಮೆಸಾದಲ್ಲಿ ಕಾಲೂ ಇಲ್ಲ. ಅಮ್ಮ ಫೋನಿನಲ್ಲಿ ಗೆಳತಿಗೆ ಹೇಳಿದ್ದು ಇಷ್ಟೇ, ನನ್ನ ಮಗಳನ್ನು ಒಮ್ಮೆ ನೋಡಿಕೊಂಡು ಬಾ ಅಂತ.

ನೋಡಿಕೊಂಡು ಹೋಗಲು ಬರುವ ಆಂಟಿಯರು ಹೇಗಿರುತ್ತಾರೆಂದು ನನಗೆ ಗೊತ್ತಿತ್ತು. ರೇಷ್ಮೆಯಂಚಿನ ಸೀರೆ, ಕಾರಿನಿಂದ ಇಳಿಯುವ ಗಂಡ, ಒಂದು ಬಾಳೆಹಣ್ಣಿನ ಚಿಪ್ಪು. ಆ ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯ ಗಾಜು ಗದಗದ ನಡುಗಿತು. ಹೊರಗೆ ಬಂದು ನೋಡಿದರೆ ಎಮ್ಮೆಯಷ್ಟು ದೊಡ್ಡ ಬೈಕು, ಎರಡೂ ಬದಿಗೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು. ಅದರಿಂದ ಇಳಿದವರು ದಪ್ಪ ಜೀನ್ಸು, ಬೂಟು ಹಾಕಿದ, ಐವತ್ತು ದಾಟಿದ ಹೆಂಗಸು. ಬೊಟ್ಟು ಇಟ್ಟುಕೊಂಡು, ಬಲಗಡೆಯ ಪೆಟ್ಟಿಗೆ ತೆರೆದು, ಸ್ಟೀಲಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಕೆಸುವಿನೆಲೆಯ ಪತ್ರೊಡೆ, ಇನ್ನೂ ಬೆಚ್ಚಗಿತ್ತು. ಸುಮಾರು ನೂರು ಮೈಲಿ ಬಂದರೂ ಬೆಚ್ಚಗಿರುವುದು ಹೇಗೆ ಎಂದು ಕೇಳಿದ್ದಕ್ಕೆ, ಸೈಲೆನ್ಸರ್ ಆ ಕಡೆಯೇ ಇದೆ, ಸುಮ್ಮನೆ ವೇಸ್ಟ್ ಯಾಕೆ ಮಾಡುವುದು ಎಂದರು.

ಎಡಗಡೆಯ ಪೆಟ್ಟಿಗೆ ಸ್ಪ್ಯಾನರುಗಳಿಗೆ. ಬಲಗಡೆಯದು ತಿಂಡಿಗೆ ಮತ್ತು ಸೀರೆಗೆ. ಇವೆರಡು ಬೆರೆಯಬಾರದು, ಅದು ಅವರ ಮಡಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೀಗೇ ಬಂದು, ರೆಸ್ಟ್‌ರೂಮಿನಲ್ಲಿ ಸೀರೆ ಉಟ್ಟು, ಹೊರಗೆ ಬಂದು ದೀಪ ಹಚ್ಚಿದ್ದನ್ನು ನಾನು ಕಂಡಿದ್ದೇನೆ. ಕೆಲವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದವರೂ ಇದ್ದರು. ನಾನು ಮಾತ್ರ ಸಿಕ್ಕವರಿಗೆಲ್ಲ, ಅವರು ನಮ್ಮಮ್ಮನ ಫ್ರೆಂಡ್ ಎಂದು ಕೇಳದಿದ್ದರೂ ಹೇಳಿಕೊಂಡು ತಿರುಗಿದೆ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಇರಲಿಲ್ಲ.

ಆ ಬೈಕು ಅವರ ಕೈಗೆ ಬಂದಾಗ ಓಡುತ್ತಿರಲಿಲ್ಲ. ಎಪ್ಪತ್ತರ ದಶಕದ್ದು, ದೂರ ಪ್ರಯಾಣಕ್ಕೆಂದೇ ಮಾಡಿದ್ದು, ನಿವೃತ್ತನಾಗುತ್ತಿದ್ದ ಸಹೋದ್ಯೋಗಿಯ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಟ್ರಕ್ಕಿನಲ್ಲಿ ಮನೆಗೆ ತರಿಸಿದಾಗ ಅಂಕಲ್ ಅವರ ಕಾರು ಗ್ಯಾರೇಜಿನಿಂದ ಬೀದಿಗೆ ಬಿತ್ತು. ಒಂದು ಚಳಿಗಾಲವಿಡೀ ಆಂಟಿ ಕಾರ್ಬ್ಯುರೇಟರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಇದೆಲ್ಲ ಯಾಕೆ ಬೇಕಿತ್ತು ಎಂದು ಒಮ್ಮೆ ಕೇಳಿದೆ. "ಅಪ್ಪನ ಬೈಕಿನ ಹಿಂದೆ ಅಣ್ಣಂದಿರು ಕೂತ್ಕೊಳ್ತಿದ್ರು. ನನಗೆ ಬಸ್ಸು," ಎಂದರು. ಅದಕ್ಕಿಂತ ಹೆಚ್ಚಿನ ವಿವರಣೆ ಅವರು ಯಾರಿಗೂ ಕೊಟ್ಟದ್ದು ನನಗೆ ಗೊತ್ತಿಲ್ಲ.

ಹೊರಡುವ ಮೊದಲು ಬೈಕಿಗೊಂದು ಪ್ರದಕ್ಷಿಣೆ ಹಾಕುವುದು ಅವರ ಪದ್ಧತಿ. ಟೈರು ಒತ್ತಿ, ಬ್ರೇಕು ಹಿಡಿದು, ಒಂದೊಂದು ಬೋಲ್ಟನ್ನೂ ಮಗುವಿನ ಕಿವಿ ಹಿಂಡಿದಂತೆ ಮೆಲ್ಲಗೆ ತಿರುಗಿಸಿ ನೋಡಿ, ಲೈಟು ಉರಿಸಿ ಆರಿಸುವುದು. ಎಷ್ಟೇ ಅವಸರವಿದ್ದರೂ ಇದು ತಪ್ಪುತ್ತಿರಲಿಲ್ಲ. ಏನಾದರೂ ಕೆಟ್ಟರೆ ಅವರದು ಒಂದೇ ಸೂತ್ರ: ಕಡೆಗೆ ಬದಲಾದದ್ದು ಯಾವುದೋ ಅದನ್ನು ಮೊದಲು ನೋಡು. ನಮ್ಮ ಮಿಕ್ಸಿ ಕೆಟ್ಟಾಗಲೂ ಅದನ್ನೇ ಹೇಳಿದರು, ನಾನೂ ನನ್ನ ಗಂಡನೂ ಮಾತು ಬಿಟ್ಟಾಗಲೂ ಅದನ್ನೇ.

ಅಂಕಲ್ ಒಳ್ಳೆಯ ಮನುಷ್ಯ, ಆದರೆ ಹೆದರಿಕೆ ಜಾಸ್ತಿ. ಆಂಟಿ ಫ್ರೀವೇಗೆ ಹೋದರೆ ಮರಳಿ ಬರುವವರೆಗೆ ಫೋನಿನ ಪಕ್ಕವೇ ಕೂತಿರುತ್ತಿದ್ದರು. ಬೈಕು ಮಾರು ಎಂದು ಹೇಳಿ ಹೇಳಿ ಸೋತು, ಕೊನೆಗೆ ದೇವರಿಗೆ ಬಿಟ್ಟರು. ಆ ವರ್ಷದ ಆಯುಧಪೂಜೆಗೆ ಬೈಕಿನ ಪೂಜೆಯನ್ನು ತಾವೇ ವಹಿಸಿಕೊಂಡರು. ಉಡುಪಿಯಿಂದ ತಂದಿದ್ದ ಸಾಣೆಕಲ್ಲಿನಲ್ಲಿ ಬೆಳಿಗ್ಗೆಯಿಂದ ಗಂಧ ತೇಯ್ದು, ಹೆಡ್‌ಲೈಟಿಗೆ, ಹ್ಯಾಂಡಲ್ಲಿಗೆ, ಟ್ಯಾಂಕಿಗೆ ಧಾರಾಳವಾಗಿ ಹಚ್ಚಿ, ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಆಂಟಿ ಕೈಮುಗಿದು, ನಿಂಬೆಹಣ್ಣಿನ ಮೇಲೆ ಬೈಕು ಹತ್ತಿಸಿ ಹೋದರು.

ಅಲ್ಲಿಂದ ಶುರುವಾಯಿತು ನೋಡಿ ಕಾಟ. ಬೈಕು ಚೆನ್ನಾಗಿಯೇ ಹೊರಡುತ್ತಿತ್ತು, ಒಂದಷ್ಟು ದೂರ ಹೋದ ಮೇಲೆ ಕೆಮ್ಮಿ, ಮುಗ್ಗರಿಸಿ, ಫ್ರೀವೇಯಲ್ಲಿ ನಿಂತುಬಿಡುತ್ತಿತ್ತು. ಪೆಟ್ರೋಲ್ ಖಾಲಿಯಾಯಿತೇ ಎಂದು ಆಂಟಿ ಮುಚ್ಚಳ ತೆಗೆದು ನೋಡುವರು, ಟ್ಯಾಂಕಿನಲ್ಲಿ ಬೇಕಾದಷ್ಟಿದೆ. ಮುಚ್ಚಿ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುವುದು. ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಪೆಟ್ರೋಲ್ ಪೈಪು ಬಿಚ್ಚಿ ಊದಿದರು. ಒಬ್ಬ ಮೆಕ್ಯಾನಿಕ್‌ಗೂ ತೋರಿಸಿದರು. ನಿಂತಲ್ಲೇ ಓಡಿಸಿ ನೋಡಿದರೆ ಅದು ಗಡಿಯಾರದಂತೆ ಓಡುತ್ತಿತ್ತು, ಅವನೇನು ಮಾಡಿಯಾನು. ಹಳೆಯ ಬೈಕು ಎಂದು ಹೇಳಿ ಕಿಡಿ ಹೊತ್ತಿಸುವ ಕಾಯಿಲ್ ಬದಲಾಯಿಸಿ ಕಳಿಸಿದ.

ಒಂದು ಸಲ ಹೀಗೆ ನಿಂತಾಗ ದೊಡ್ಡ ಟ್ರಕ್ಕೊಂದು ಹಾರ್ನ್ ಹೊಡೆಯುತ್ತಾ ಮೈಗೆ ತಾಗುವಂತೆ ಹಾದುಹೋಯಿತು. ಆಂಟಿ ಅದನ್ನು ಗಂಡನಿಂದ ಮುಚ್ಚಿಡಲಿಲ್ಲ. ಅಂಕಲ್ ಎರಡು ದಿನ ಊಟ ಬಿಟ್ಟರಂತೆ. ಕೊನೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು: ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಬೈಕು ಮಾರುವುದು. ದೀಪಾವಳಿಯ ಮರುದಿನ ನೋಡಲು ಬರುವಂತೆ ಅಂಕಲ್ ಒಬ್ಬ ಗಿರಾಕಿಯನ್ನೂ ಗೊತ್ತು ಮಾಡಿದರು. ಬೈಕು ನಿಲ್ಲದಿದ್ದರೆ ಅವನಿಗೆ ಕಾಫಿ ಕೊಟ್ಟು ಕಳಿಸುವುದೆಂದು ಆಂಟಿಯ ಶರತ್ತು.

ಆ ದೀಪಾವಳಿಗೆ ನನ್ನ ಗಂಡ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಆಂಟಿಯೇ ಬಂದು ನನ್ನನ್ನು ಕರೆದುಕೊಂಡು ಹೋಗುವುದೆಂದಾಯಿತು. ಬರುವಾಗ ಟೆಮೆಕ್ಯುಲಾದಲ್ಲಿ ಕಾಫಿ ಕುಡಿದು, ಪೆಟ್ರೋಲ್ ತುಂಬಿಸಿಕೊಂಡು ಬಂದರಂತೆ. ಒಮ್ಮೆಯೂ ನಿಲ್ಲಲಿಲ್ಲ, ಹಳೆಯ ಕಾಯಿಲ್ ಕಾರಣವಾಗಿತ್ತು ಕಾಣುತ್ತದೆ ಎಂದು ಖುಷಿಯಲ್ಲಿದ್ದರು. ನಾನು ಹಿಂದೆ ಕೂತೆ. ಎಸ್ಕಾಂಡಿಡೋ ದಾಟಿ, ಒಣಗಿದ ಗುಡ್ಡಗಳ ನಡುವೆ ಏರು ಶುರುವಾದ ಕಡೆ ಬೈಕು ಕೆಮ್ಮಿತು. ಆಂಟಿಯ ಬೆನ್ನು ಬಿಗಿಯಾದದ್ದು ನನ್ನ ಕೈಗೆ ತಿಳಿಯಿತು. ರಸ್ತೆಯಂಚಿನ ಶೋಲ್ಡರಿಗೆ ತಂದು ನಿಲ್ಲಿಸುವಷ್ಟು ಮಾತ್ರ ಉಸಿರಿತ್ತು ಅದಕ್ಕೆ.

ನಾವು ತಂತಿಬೇಲಿಯ ಹತ್ತಿರ ಸರಿದು ನಿಂತೆವು. ಅಂಕಲ್‌ಗೆ ಹೇಳುವುದು ಬೇಡ ಆಂಟಿ, ನಾನಂತೂ ಬಾಯಿ ಬಿಡುವುದಿಲ್ಲ ಎಂದೆ.

"ನಿಂತದ್ದು ನಿಂತದ್ದೇ ಮಗಾ. ದಿನಾ ವಿಮಾನದ ಪಾರ್ಟ್ ನೋಡಿ ಸಹಿ ಹಾಕುವವಳು ನಾನು. ಮನೆಯಲ್ಲಿ ಸುಳ್ಳು ಸಹಿ ಹಾಕುದಿಲ್ಲ," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತ್ತು. ನನಗೆ ಅಳುವೇ ಬಂತು.

ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕಡೆಗೆ ಬದಲಾದದ್ದು ಯಾವುದು ಹೇಳು ಎಂದು ನನ್ನನ್ನೇ ಕೇಳಿದರು. ಕಾಯಿಲ್ ಎಂದೆ. ಅದಕ್ಕೂ ಮುಂಚೆ? ಪ್ಲಗ್. ಅವೆಲ್ಲ ಕೆಟ್ಟ ಮೇಲೆ ಬದಲಾದದ್ದು, ಕೆಡುವ ಮುಂಚೆ ಏನು ಬದಲಾಯಿತು ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಕೈಯಲ್ಲಿದ್ದ ಹೆಲ್ಮೆಟ್ಟಿನ ಒಳಗೆ ಆ ಕೆಂಪು ಕಲೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಬೈಕಿನ ಟ್ಯಾಂಕಿನ ಕಡೆ ನೋಡಿದರು.

ಟ್ಯಾಂಕಿನ ಮುಚ್ಚಳದ ನಟ್ಟನಡುವೆ ಅಂಕಲ್ ಹಚ್ಚಿದ್ದ ಗಂಧ, ಅದರ ಮೇಲೆ ಕುಂಕುಮ, ಒಣಗಿ ಸಿಮೆಂಟಿನಂತೆ ಕೂತಿತ್ತು. ಮಳೆ ಬಾರದ ಊರು. ಪ್ರತಿ ಭಾನುವಾರ ಬೈಕು ತೊಳೆಯುವ ಆಂಟಿ, ಪೂಜೆಯ ಗಂಧ ಕೈಯಾರೆ ಅಳಿಸಬಾರದೆಂದು ಅದರ ಸುತ್ತ ಮಾತ್ರ ಒರೆಸುತ್ತಿದ್ದರು. ಮೆಕ್ಯಾನಿಕ್ ಕೂಡ ಇದೇನೋ ಅಲಂಕಾರವೆಂದು ಮುಟ್ಟದೆ ಬಿಟ್ಟಿದ್ದ.

ಆಂಟಿ ಕಿವಿಯನ್ನು ಟ್ಯಾಂಕಿನ ಹತ್ತಿರ ತಂದು ಮೆಲ್ಲಗೆ ಮುಚ್ಚಳ ತಿರುಗಿಸಿದರು. ಸುಯ್ಯೆಂದು ಗಾಳಿ ಒಳಗೆಳೆದುಕೊಂಡಿತು. ಟ್ರಕ್ಕುಗಳ ಸದ್ದಿನ ನಡುವೆಯೂ ನನಗೆ ಕೇಳಿಸಿತು.

"ಉಸಿರು ಕಟ್ಟಿದೆ ಮಾರಾಯ್ತಿ ಇದಕ್ಕೆ," ಎಂದರು ಆಂಟಿ.

ಆ ಮುಚ್ಚಳದಲ್ಲಿ ಸಾಸಿವೆಯಷ್ಟು ಸಣ್ಣ ತೂತೊಂದಿರುತ್ತದೆ. ಪೆಟ್ರೋಲ್ ಕೆಳಗಿಳಿದಂತೆ ಆ ತೂತಿನಿಂದ ಗಾಳಿ ಒಳಗೆ ಬರಬೇಕು, ಬಾರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ತೂತಿನ ಬಾಯಿಗೆ ಗಂಧ ಕೂತಿತ್ತು. ಮುಚ್ಚಳ ತೆಗೆದಾಗಲೆಲ್ಲ ಗಾಳಿ ನುಗ್ಗಿ ಬೈಕು ಮತ್ತೆ ಓಡುತ್ತಿತ್ತು. ಬರುವಾಗ ನಿಲ್ಲದಿದ್ದುದೂ ಟೆಮೆಕ್ಯುಲಾದಲ್ಲಿ ಪೆಟ್ರೋಲಿಗೆಂದು ಮುಚ್ಚಳ ತೆಗೆದದ್ದರಿಂದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ನಮ್ಮದು. ಆಂಟಿ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಮೊದಲು ಮುಚ್ಚಳಕ್ಕೆ ಕೈಮುಗಿದು, ಆಮೇಲೆ ತೂತು ಬಿಡಿಸಿದರು. ಅಲ್ಲಿಂದ ಡೈಮಂಡ್ ಬಾರಿನವರೆಗೆ ಅದು ಒಮ್ಮೆಯೂ ಕೆಮ್ಮಲಿಲ್ಲ.

ದಾರಿಯುದ್ದಕ್ಕೂ ನಾನು ಅಂಕಲ್ ಮುಂದೆ ಆಂಟಿ ಈ ಸುದ್ದಿಯನ್ನು ಹೇಗೆ ಒಗೆಯುತ್ತಾರೆಂದು ಊಹಿಸಿಕೊಂಡು ಒಳಗೊಳಗೇ ನಗುತ್ತಿದ್ದೆ. ನಾನಾಗಿದ್ದರೆ ಬೀದಿಯಿಂದಲೇ ಶುರು ಮಾಡುತ್ತಿದ್ದೆ. ಅಂಕಲ್ ಡ್ರೈವ್‌ವೇಯಲ್ಲಿ ನಿಂತಿದ್ದರು. ಆಂಟಿ ಇಳಿದು, ಬೊಟ್ಟು ಇಟ್ಟುಕೊಂಡು, ಕೀಲಿಯನ್ನು ಅವರ ಕಡೆ ಚಾಚಿ, ಮತ್ತೆ ನಿಂತಿತು ಎಂದಷ್ಟೇ ಹೇಳಿದರು. ಅಂಕಲ್ ಕೀಲಿ ತೆಗೆದುಕೊಂಡರು. ಗೆದ್ದವರ ಮುಖವಾಗಿರಲಿಲ್ಲ ಅದು. ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ, ಯಾಕೆ ನಿಂತಿತೆಂದು ಗೊತ್ತಾಯಿತಾ ಎಂದು ಕೇಳಿದರು. ಆಂಟಿ ಅವರ ಕೈಹಿಡಿದು ಬೈಕಿನ ಹತ್ತಿರ ಕರೆದೊಯ್ದು, ಮುಚ್ಚಳದ ಮೇಲೆ ಪಿನ್ನಿನಲ್ಲಿ ಕೊರೆದ ಜಾಗ ತೋರಿಸಿದರು.

"ಗಂಧ ಭಾರಿ ಒಳ್ಳೆದು ತೇಯ್ದಿದ್ದೀರಿ ಮಾರಾಯ್ರೆ. ಇಷ್ಟು ದಿನವಾದ್ರೂ ಬಿಡ್ಲಿಲ್ಲ."

ಅಂಕಲ್ ಆ ತೂತನ್ನು ನೋಡುತ್ತಾ ನಿಂತರು. ತಮ್ಮ ಹೆಂಡತಿಯ ಪ್ರಾಣ ಕಾಯಲೆಂದು ಹಚ್ಚಿದ ಗಂಧವೇ ಅವರನ್ನು ಟ್ರಕ್ಕಿನ ದಾರಿಯಲ್ಲಿ ನಿಲ್ಲಿಸಿತ್ತೆಂದು ಅರ್ಥವಾದಾಗ ಅದನ್ನು ಬೆರಳಿನಿಂದ ಮೆಲ್ಲಗೆ ತಡವಿದರು. ಆಮೇಲೆ ಕೀಲಿಯನ್ನು ಆಂಟಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದರು. ಒಳಗೆ ಹೋಗಿ ಗಿರಾಕಿಗೆ ತಾವೇ ಫೋನ್ ಮಾಡಿ, ಬರುವುದು ಬೇಡವೆಂದರು. ಆ ದಿನ ಆಂಟಿಯ ಬಗ್ಗೆ ನನಗಿದ್ದ ಹೆಮ್ಮೆ ಇಮ್ಮಡಿಯಾಯಿತು. ಅಂಕಲ್ ಬಗ್ಗೆಯೂ ಅಷ್ಟಿಷ್ಟು ಹುಟ್ಟಿತು ಎನ್ನಬೇಕು.

ಸಂಘದಲ್ಲಿ ಯಾರಾದರೂ ಬೈಕಿಗೆ ಏನಾಗಿತ್ತು ಎಂದು ಕೇಳಿದರೆ, ಉಸಿರು ಕಟ್ಟಿತ್ತು ಎಂದು ಆಂಟಿ ಮಾತು ಮುಗಿಸುತ್ತಿದ್ದರು. ಪೂರ್ತಿ ಕತೆ ಹೇಳಲು ಶುರು ಮಾಡಿದವರು ಅಂಕಲ್ ಅವರೇ. ಮರುವರ್ಷದಿಂದ ಪೂಜೆಗೆ ಮುಂಚೆ ಆ ತೂತಿನ ಮೇಲೆ ತುಂಡು ಟೇಪು ಅಂಟಿಸುವುದೊಂದು ಶಾಸ್ತ್ರವಾಯಿತು. ಅಂಕಲ್ ಮನಸಾರೆ ಗಂಧ ಹಚ್ಚುವರು, ಮಂಗಳಾರತಿಯಾದ ಮೇಲೆ ಟೇಪು ಕೀಳುವರು. ಆಂಟಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಕೇಳುವರು: "ಟೇಪ್ ತೆಗ್ದ್ರಾ?" ಅಂಕಲ್ ಹೇಳುವರು: "ತೆಗ್ದೆ ಮಾರಾಯ್ತಿ." ಆಮೇಲೆ ನಿಂಬೆಹಣ್ಣು.

ನನಗೆ ಬೈಕು ಕಲಿಸಿದವರು ಅವರು. ಕಾರಿಗಿಂತ ಮೊದಲು ಬೈಕಿನ ಲೈಸೆನ್ಸ್ ತೆಗೆದುಕೊಂಡ ಹೆಂಗಸು ನಮ್ಮ ಬಳಗದಲ್ಲಿ ನಾನೊಬ್ಬಳೇ ಎಂದು ಈಗಲೂ ಕೊಚ್ಚಿಕೊಳ್ಳುತ್ತೇನೆ. ಮುಂದೆ ಕೆಲಸಕ್ಕೆ ಸೇರಿದಾಗ, ದೊಡ್ಡ ದೊಡ್ಡ ಸಿಸ್ಟಮ್ಮುಗಳು ಕೆಟ್ಟು ಎಲ್ಲರೂ ಗಾಬರಿಯಾದಾಗ, ಕೆಡುವ ಮುಂಚೆ ಏನು ಬದಲಾಯಿತು ಎಂದು ಕೇಳಿ ಹೆಸರು ಗಳಿಸಿದ್ದೂ ಅವರ ಋಣದಲ್ಲೇ. ಕಾಯಿಲೆ ಬಂದಾಗ ಆಂಟಿ ತಮ್ಮ ಪದ್ಧತಿಯಂತೆ ಡಾಕ್ಟರರ ಹತ್ತಿರ ಎಲ್ಲವನ್ನೂ ಬಿಡಿಸಿ ಕೇಳಿ ತಿಳಿದುಕೊಂಡರು. ಇದು ರಿಪೇರಿಯಾಗುವುದಲ್ಲ ಎಂದು ನಮಗೆಲ್ಲ ತಾವೇ ಹೇಳಿದರು. ಬೈಕು ನನಗೇ ಸೇರಬೇಕೆಂದು ಹೇಳಿ ಹೋದರು.

ಅದು ಈಗ ಮೀರಾ ಮೆಸಾದಲ್ಲಿ ನಮ್ಮ ಗ್ಯಾರೇಜಿನಲ್ಲಿದೆ, ನಮ್ಮ ಕಾರು ಬೀದಿಯಲ್ಲಿದೆ. ಎಡಗಡೆ ಸ್ಪ್ಯಾನರ್, ಬಲಗಡೆ ತಿಂಡಿ, ಮಡಿ ಕೆಟ್ಟಿಲ್ಲ. ಆಯುಧಪೂಜೆಗೆ ಅಂಕಲ್ ಸಾಣೆಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾರೆ. ಕಣ್ಣು ಮಂಜಾಗಿದೆ, ತೂತನ್ನು ಬೆರಳಿನಿಂದ ತಡವಿ ಹುಡುಕಿ ಟೇಪು ಅಂಟಿಸುತ್ತಾರೆ. ಗಂಧ ಹಚ್ಚಿ, ಆರತಿ ಎತ್ತಿ, ಟೇಪನ್ನು ಮೆಲ್ಲಗೆ ಕೀಳುತ್ತಾರೆ. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಸುಮ್ಮನಿರುತ್ತೇನೆ, ಆ ಪ್ರಶ್ನೆ ನಾನು ಕೇಳುವಂಥದ್ದಲ್ಲ. ಯಾರೂ ಕೇಳುವುದಿಲ್ಲ. ಅಂಕಲ್ ಒಂದು ಕ್ಷಣ ಕಾದು, ನನ್ನ ಕಡೆಗಲ್ಲ, ಪಕ್ಕಕ್ಕೆ ತಿರುಗಿ ಹೇಳುತ್ತಾರೆ:

"ತೆಗ್ದೆ ಮಾರಾಯ್ತಿ."