ಸುಪ್ರಜಾಳ ಕುರ್ಚಿಯ ಮೇಲಿನ ಪೆಟ್ಟಿಗೆ

ಸೋಮವಾರ ಬೆಳಿಗ್ಗೆ ಸುಪ್ರಜಾ ಆಫೀಸಿಗೆ ಬಂದಾಗ ಅವಳ ಕುರ್ಚಿಯ ಮೇಲೆ ಹೊಸ ಕಂಪ್ಯೂಟರಿನ ರಟ್ಟಿನ ಪೆಟ್ಟಿಗೆ ಕೂತಿತ್ತು. ಇಟ್ಟವರು ನಮ್ಮ ಆಫೀಸಿನ ಮಾಲೀಕರು ವಾದಿರಾಜರಾಯರು. ಮಲ್ಲೇಶ್ವರದಲ್ಲಿ ಅವರದು ವಧೂವರರ ಕೇಂದ್ರ. ಕೌಂಟರಿನಲ್ಲಿ ಕೂತು ಬಂದವರಿಗೆ ಜಾತಕ ತೋರಿಸುವವಳು ನಾನು, ವಾಣಿ. ಒಳಗೆ ಡೇಟಾಬೇಸ್ ನೋಡಿಕೊಳ್ಳುವವಳು ಸುಪ್ರಜಾ. ನಮ್ಮ ಸಾಫ್ಟ್‌ವೇರನ್ನು ಮೊದಲಿನಿಂದ ಕಟ್ಟಿದವಳೂ ಅವಳೇ. ಅವಳಿಗೆ ಒಂದು ಮಾತೂ ಹೇಳದೆ ರಾಯರು ಅಭಿನಂದನ್ ಎಂಬುವರ ಕಂಪನಿಗೆ ಎಲ್ಲವನ್ನೂ ಒಪ್ಪಿಸಲು ಮಾತಾಡಿಬಿಟ್ಟಿದ್ದರು. ಶುಕ್ರವಾರ ಸಹಿ. ಹಳೆಯದು ಹೋದರೆ ಸುಪ್ರಜಾಳ ಕೆಲಸವೂ ಹೋದ ಹಾಗೆಯೇ.

ಕಾರಣ ಇರಲಿಲ್ಲ ಅನ್ನಲಾರೆ. ರೋಹಿಣಿ ನಕ್ಷತ್ರದ ವರರನ್ನು ತೋರಿಸಿ ಎಂದರೆ ಒಂದು ಜಾತಕ ಬರುತ್ತಿತ್ತು, ಪರದೆ ನಿಂತುಬಿಡುತ್ತಿತ್ತು, ಆಮೇಲೆ ಇನ್ನೊಂದು. ಬಂದವರಿಂದ ಬೈಸಿಕೊಳ್ಳುತ್ತಿದ್ದವಳು ನಾನು, ರಾಯರಲ್ಲ.

ಸುಪ್ರಜಾ ನೇರವಾಗಿ ರಾಯರ ಮುಂದೆ ಹೋಗಿ ನಿಂತಳು.

"ಮೆಷಿನ್ ನಿಧಾನ ಇಲ್ಲ ಸಾರ್. ಸುಮ್ನೆ ಕಾಯ್ತಾ ನಿಂತಿರುತ್ತೆ. ಆ ಕಾಯೋದನ್ನ ನಾನು ತಪ್ಪಿಸ್ತೀನಿ, ಶುಕ್ರವಾರದವರೆಗೂ ಸಹಿ ಹಾಕ್ಬೇಡಿ."

ರಾಯರು ಆಯಿತು ಅಂದರು. ಪೆಟ್ಟಿಗೆ ಕೆಳಗಿಟ್ಟು ಕೂತುಕೋ ಅಂದರು. ಅವಳು, "ಇಟ್ಟೋರೇ ತೆಗೀಲಿ," ಎಂದವಳೇ ಬಂದವರು ಕೂರುವ ಬೆಂಚಿಗೆ ಹೋಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತುಬಿಟ್ಟಳು. ನನಗೆ ಒಳಗೊಳಗೇ ಖುಷಿಯಾಯಿತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅವಳಪ್ಪ ವರದರಾಜ ಚಾಮರಾಜಪೇಟೆಯ ಛತ್ರಗಳಲ್ಲಿ ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವರು. ಅವಳು ಬೆಳೆದಿದ್ದೇ ಪಂಕ್ತಿಗಳ ನಡುವೆ. ಹಾಗಾಗಿ ಅದೇ ಭಾಷೆಯಲ್ಲಿ ಹೇಳಿದಳು. ಯಾವ ನಕ್ಷತ್ರದ ಜಾತಕ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವಿಳಾಸಗಳೆಲ್ಲ ಇಂಡೆಕ್ಸಿನಲ್ಲಿ ಸಾಲಾಗಿವೆ. ಜಾತಕಗಳು ಮಾತ್ರ ಬಂದ ಬಂದ ಹಾಗೆ ಎಲ್ಲೆಲ್ಲೋ ಬಿದ್ದಿವೆ. ನಮ್ಮ ಡೇಟಾಬೇಸು ಒಂದು ವಿಳಾಸ ಓದಿ, ಅದನ್ನು ತಂದು, ಆಮೇಲೆ ಮುಂದಿನದನ್ನು ಓದುತ್ತದೆ. ಒಂದೊಂದು ಎಲೆಗೂ ಒಂದೊಂದು ಸಲ ಅಡುಗೆಮನೆಗೆ ಹೋಗಿ ಬಂದರೆ ಪಂಕ್ತಿ ಏಳುವುದು ಯಾವಾಗ? ಅನ್ನ ಕೊನೆಯ ಎಲೆ ಮುಟ್ಟುವಷ್ಟರಲ್ಲಿ ಹುಳಿ ಅಡುಗೆಮನೆ ಬಿಟ್ಟಿರಬೇಕು. ಮುಂದೆ ಬೇಕಾಗುವುದು ಯಾವುದೆಂದು ಗೊತ್ತೇ ಇರುವಾಗ, ಈ ಜಾತಕ ನೋಡುತ್ತಿರುವಾಗಲೇ ಅದನ್ನು ತರಿಸಿಟ್ಟುಕೊಳ್ಳಬೇಕು. ನಮ್ಮ ಡೇಟಾಬೇಸು ಓಪನ್ ಸೋರ್ಸ್, ಅಂದರೆ ಅದರ ಒಳಗಿನ ಕೋಡನ್ನು ಬಲ್ಲವರು ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಅವಳು ಅದಕ್ಕೇ ಕೈ ಹಾಕಿದ್ದಳು.

ತಿದ್ದಿದ್ದನ್ನು ಬುಧವಾರ ಹಾಕಿ ನೋಡಿದರೆ, ಮೊದಲಿಗಿಂತ ನಿಧಾನ! ಮೊದಲ ಜಾತಕವೇ ಬರಲೊಲ್ಲದು. ಹೊಸ ಮೆಷಿನ್ನಿಗೆ ಜಾಗ ನೋಡಲು ಬಂದಿದ್ದ ಅಭಿನಂದನ್, ಇದೆಲ್ಲ ದೊಡ್ಡ ಟೀಮ್ ಮಾಡುವ ಕೆಲಸ ಮೇಡಂ ಎಂದು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು.

"ಬಿಟ್ಬಿಡಮ್ಮ," ಅಂದರು ರಾಯರು.

"ಬಿಡಲ್ಲ ಸಾರ್." ಸುಪ್ರಜಾ ಮತ್ತೆ ಲ್ಯಾಪ್‌ಟಾಪ್ ತೆರೆದಳು.

ಮಾರನೆಯ ದಿನ ಅವಳು ಕೌಂಟರಿನಲ್ಲಿ ನನ್ನ ಪಕ್ಕ ಬಂದು ಕೂತಳು. ಮಾವಳ್ಳಿಯಿಂದ ಒಂದು ಕುಟುಂಬ ಬಂದಿತ್ತು. ಮೂರನೆಯ ಜಾತಕ ಹಿಡಿಸಿತು. ತಕ್ಷಣ ಅಜ್ಜಿ ಪರದೆ ಮುಚ್ಚಿ ಅಂದರು. ನಮ್ಮಲ್ಲಿ ಬರುವ ಬಹಳ ಜನರ ಪದ್ಧತಿ ಇದು: ಒಂದು ಜಾತಕ ಹಿಡಿಸಿದ ಮೇಲೆ, ಅದು ಕೂಡುತ್ತದೋ ಇಲ್ಲವೋ ತಿಳಿಯುವ ತನಕ ಇನ್ನೊಂದನ್ನು ಕಣ್ಣೆತ್ತಿ ನೋಡಬಾರದು, ಆ ಮನೆಯವರಿಗೆ ಅವಮಾನ. ದಿನಾ ನೋಡುವ ನನಗೆ ಇದನ್ನು ಅವಳಿಗೆ ಹೇಳಬೇಕು ಎಂದು ಹೊಳೆದೇ ಇರಲಿಲ್ಲ.

ಸುಪ್ರಜಾ ತಲೆ ಮೇಲೆ ಕೈ ಹೊತ್ತಳು. ಈ ಅಜ್ಜಿಗಾಗಿ ಮೆಷಿನ್ನು ಆ ನಕ್ಷತ್ರದ ಅಷ್ಟೂ ಜಾತಕಗಳನ್ನು ಒಟ್ಟಿಗೆ ತರಲು ಓಡಿತ್ತು; ಮೊದಲ ಜಾತಕ ತಡವಾಗುತ್ತಿದ್ದದ್ದು ಅದಕ್ಕೇ.

"ಮೂರೆಲೆ ಊಟಕ್ಕೆ ಇಡೀ ಛತ್ರದ ಹುಳಿ ತಂದು ಸುರಿದಿದೀನಿ ಕಣೇ," ಅಂದಳು.

ಅಂದೇ ತಿದ್ದಿದಳು. ಮೊದಲು ಒಂದೇ ಜಾತಕ. ಅದು ಬೇಡ ಎಂದು ಮುಂದೆ ಹೋದರೆ ಇನ್ನೆರಡು ಮುಂಚಿತವಾಗಿ. ನೋಡುತ್ತಲೇ ಹೋದರೆ ಇನ್ನೂ ಹೆಚ್ಚು. ಅವರು ನಿಲ್ಲಿಸಿದರೆ ಮೆಷಿನ್ನೂ ನಿಲ್ಲಬೇಕು.

ಶುಕ್ರವಾರ ಅಭಿನಂದನ್ ಪೆನ್ನು ಹಿಡಿದು ಕೂತಿದ್ದಾಗಲೇ ದೊಡ್ಡಬೈರಪ್ಪನವರು ಬಂದರು. ಮಗಳು ಲಾಸ್ಯಾಗೆ ಯಾವ ಗಂಡನ್ನೂ ಒಪ್ಪದ ಮಹಾನುಭಾವ. ವಾರ ವಾರ ಬರುತ್ತಾರೆ, ಒಂದು ಜಾತಕಕ್ಕೂ ಇನ್ನೊಂದಕ್ಕೂ ನಡುವೆ ಓದಲು ಪೇಪರು ಬೇರೆ ತರುತ್ತಾರೆ. ಅವತ್ತು ಪೇಪರು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಬೇಡ ಅಂದರೆ ಇನ್ನೊಂದು, ಬೇಡ ಅಂದರೆ ಮತ್ತೊಂದು. ಕೊನೆಗೆ ಕನ್ನಡಕ ತೆಗೆದು, "ಏನ್ರಮ್ಮ ಇವತ್ತು, ಬೇಡ ಅನ್ನೋಕೂ ಟೈಮ್ ಕೊಡಲ್ವಲ್ಲ ನಿಮ್ಮ ಮೆಷಿನ್ನು," ಅಂದರು. ಹಿಂದೆ ನಿಂತಿದ್ದ ರಾಯರು ಎಲ್ಲ ನೋಡುತ್ತಿದ್ದರು.

ಸಹಿಯಿಲ್ಲದ ಕಾಗದ ಹಿಡಿದು ಅಭಿನಂದನ್ ಹೋದ ಮೇಲೆ ರಾಯರು, "ಬಾಮ್ಮ, ಒಳಗೆ ಕೂತ್ಕೋ," ಅಂದರು. ಸುಪ್ರಜಾ ಬೆಂಚಿನಿಂದ ಏಳಲಿಲ್ಲ. ಒಳಗಿನ ಕುರ್ಚಿಯತ್ತ ನೋಡಿದಳು, ಆಮೇಲೆ ಅವರನ್ನು ನೋಡಿದಳು, ಅಷ್ಟೇ.

ರಾಯರಿಗೆ ಅರ್ಥವಾಯಿತು. ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ ಆ ಪೆಟ್ಟಿಗೆಯನ್ನು ತಾವೇ ಎತ್ತಿ ಬಾಗಿಲ ಹೊರಗೆ ಇಟ್ಟು ಬಂದರು. ಅವಳು ಕೈ ಕೊಡಲಿಲ್ಲ. ನಾನೂ ಕೊಡಲಿಲ್ಲ.