ಗುಂಡಿಯಿಂದ ಬರಬೇಕಾದ ಉತ್ತರ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಬಹಳ ವರ್ಷ ಆಪರೇಟರ್ ಆಗಿದ್ದೆ. ಪಟ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡ ನೆಲದೊಳಗೆ ತೋಡಿದ ಗುಂಡಿಯಲ್ಲಿರುತ್ತದೆ. ಆಳು ಇಳಿದು ನಿಂತರೆ ತಲೆ ಮುಳುಗುವಷ್ಟು ಆಳ. ಹಸಿ ಭತ್ತ ಬಂದ ದಿನ ಅದು ಅಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಎಲಿವೇಟರಿನ ಮೋಟಾರ್ ಒಂದನ್ನೇ ನಿಲ್ಲಿಸಿ, ಒಬ್ಬರು ಕಬ್ಬಿಣದ ಏಣಿ ಹಿಡಿದು ಇಳಿದು, ತಗಡಿನ ಬಾಗಿಲು ತೆಗೆದು, ಬಕೆಟ್‌ಗಳ ನಡುವೆ ಕೈ ಹಾಕಿ ಭತ್ತ ಬಳಿಯಬೇಕು. ನಾನು ನಿಂತು ಬಟನ್ ಒತ್ತುವ ಬೋರ್ಡು ಗೋಡೆಯ ಈಚೆ, ಗುಂಡಿ ಆಚೆ. ಒಂದರಿಂದ ಇನ್ನೊಂದು ಕಾಣುವುದಿಲ್ಲ. ಅದಕ್ಕಾಗಿ ನಾನೇ ಒಂದು ಕಾಯಿದೆ ಮಾಡಿದ್ದೆ. ನಾನು "ಚಾಲೂ ಮಾಡ್ಲೇನು?" ಎಂದು ಕೂಗಬೇಕು, ಒಳಗಿದ್ದವನು ಮೇಲೆ ಬಂದು "ಹ್ಞೂಂ, ಮಾಡ್ರಿ" ಎನ್ನಬೇಕು. ಆ ಉತ್ತರ ಕಿವಿಗೆ ಬೀಳುವ ತನಕ ಹಸಿರು ಬಟನ್ ಮೇಲೆ ಬೆರಳು ಹೋಗಕೂಡದು. ಹೊಸಬರು ಯಾರೇ ಬರಲಿ, ಮೊದಲ ದಿನವೇ ಬೈದು ಬೈದು ಇದನ್ನು ಕಲಿಸುತ್ತಿದ್ದೆ.

ಆ ಉತ್ತರ ನನಗೆ ಕೇಳಿಸದೆ ಹೋದದ್ದು ಯಾವ ದಿನದಿಂದ ಎಂದು ಹೇಳಲಾರೆ. ಮೊದಲು ಹೋದವು ತೆಳ್ಳನೆಯ ಚೂಪು ದನಿಗಳು: ಕುಕ್ಕರಿನ ಸೀಟಿ, ಮೊಬೈಲಿನ ರಿಂಗು, ಹೆಣ್ಣುಮಕ್ಕಳ ಮಾತು. ಗಂಡಸರ ಮಾತು ಬರುತ್ತಿತ್ತು, ಆದರೆ ಎಲೆ ಅಡಿಕೆ ತುಂಬಿಕೊಂಡ ಬಾಯಿಂದ ಬಂದ ಹಾಗೆ. ಕಿವಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಈಗಿನ ಜನಕ್ಕೆ ಬಾಯಿ ಬಿಟ್ಟು ಮಾತಾಡಲು ಏನು ಧಾಡಿ ಎಂದು ಸಿಟ್ಟು ಬರುತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ಹೆಂಡತಿ ಮುಖ ನೋಡಿ ಜೋರಾಗಿ, "ಕೊಪ್ಪಳಕ್ಕ ಹೋಗಿ ಡಾಕ್ಟರಿಗೆ ಕಿವಿ ತೋರಿಸ್ಕೊಂಡು ಬರೂಣ್ರಿ" ಎಂದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತು, ನೋಡಿ. ತಟ್ಟೆ ದೂಡಿ ಎದ್ದೆ. "ನಾ ಏನ್ ಕಿವುಡ ಅದೀನೇನು? ಬೇರಿಂಗ್ ಸವದ್ರ ಗಿರಣಿ ಗೇಟಿನಾಗ ನಿಂತು ಸದ್ದಿನ ಮ್ಯಾಲ ಹೇಳ್ತೀನಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಸತ್ಯ ನನಗೇ ಗೊತ್ತಾಯಿತು. ಅಕ್ಕಿ ಬಿಳುಪು ಮಾಡುವ ಪಾಲಿಶರಿನ ಬೇರಿಂಗ್ ಮೇಲೆ ಎಂದಿನಂತೆ ಸ್ಕ್ರೂಡ್ರೈವರ್ ತುದಿ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿದೆ. ಸದ್ದು ಬರಲಿಲ್ಲ. ದವಡೆ ಮಾತ್ರ ನಡುಗಿತು. ಸುತ್ತ ನಿಂತವರು ನನ್ನ ಬಾಯಿ ನೋಡುತ್ತಿದ್ದರು. "ಏನಾಗಿಲ್ಲ, ಛಲೋ ಐತಿ" ಎಂದೆ. ಕಿವಿಯಿಲ್ಲದ ಆಪರೇಟರನ್ನು ಯಾವ ಗಿರಣಿಯವರು ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ? ಯಲಬುರ್ಗಾ ಕಡೆಯಿಂದ ಹಮಾಲಿ ಮಾಡಲು ಬಂದವನು ನಾನು. ಚೀಲ ಹೊರುತ್ತಿದ್ದ ನನಗೆ "ಮೇಸ್ತ್ರಿ" ಎಂಬ ಹೆಸರು ಬಂದದ್ದೇ ಆ ಬೋರ್ಡಿನಿಂದ. ಅದನ್ನು ಬಿಡುವ ಯೋಚನೆ ಬಂದರೇ ಮೈಯೆಲ್ಲ ಉರಿಯುತ್ತಿತ್ತು.

ಹಾಗಾಗಿ ಬಚ್ಚಿಡಲು ಕಲಿತೆ. ನಾನು ವಾಚಾಳಿಯಾದೆ. ಮಾತಾಡುತ್ತಲೇ ಇದ್ದರೆ ಕೇಳುವ ಕೆಲಸವಿರುವುದಿಲ್ಲ. ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಯಾರಿಗೂ ಸಂದು ಕೊಡದೆ ಮಾತಾಡುತ್ತಿದ್ದೆ. ಜನ ಎದ್ದು ಹೋಗತೊಡಗಿದರು. ನಾನು ಬಂದು ಕೂತರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹಿರಿಯನೆಂದು ಅಂಜುತ್ತಾರೆ ಎಂದುಕೊಂಡು ಒಳಗೊಳಗೇ ಖುಷಿಪಟ್ಟೆನಲ್ಲ, ಆ ನನ್ನ ದಡ್ಡತನಕ್ಕೆ ಏನನ್ನಲಿ.

ಗಿರಣಿಯಲ್ಲಿ ಬೇರೆ ಉಪಾಯ ಮಾಡಿದೆ. ಶಾಕ್ ಹೊಡೆಯದಿರಲೆಂದು ಬೋರ್ಡಿನ ಮುಂದೆ ರಬ್ಬರ್ ಚಾಪೆ ಹಾಸಿರುತ್ತಾರೆ. ಅದನ್ನು ಬದಿಗೆ ಸರಿಸಿ, ಕೆಳಗಿನ ಕಬ್ಬಿಣದ ತಗಡಿನ ಮೇಲೆ ಬರಿಗಾಲಲ್ಲಿ ನಿಲ್ಲತೊಡಗಿದೆ. ಆ ತಗಡು ಗೋಡೆಯಡಿ ಹಾದು ಗುಂಡಿಯ ತನಕ ಹೋಗಿತ್ತು, ಏಣಿಯನ್ನು ಅದಕ್ಕೇ ವೆಲ್ಡಿಂಗ್ ಮಾಡಿದ್ದರು. ಒಳಗಿದ್ದವನು ಹತ್ತಿ ಬಂದರೆ ನನ್ನ ಅಂಗಾಲಿಗೆ ಅದುರು ಬರುತ್ತಿತ್ತು. ಕೂಗುತ್ತಿದ್ದೆ, ಕಾಯುತ್ತಿದ್ದೆ, ಅದುರು ಬಂದೊಡನೆ ಬಟನ್ ಒತ್ತುತ್ತಿದ್ದೆ. ಕಿವಿ ಹೋದರೇನು, ಕಾಲಿದೆಯಲ್ಲ ಎಂದು ಹೆಮ್ಮೆ ಬೇರೆ.

ಗುಂಡಿಗೆ ಹೆಚ್ಚಾಗಿ ಇಳಿಯುತ್ತಿದ್ದವನು ನನ್ನ ತಂಗಿಯ ಗಂಡ. ಅವನನ್ನು ಈ ಕೆಲಸಕ್ಕೆ ಹಚ್ಚಿದವನೂ ನಾನೇ. ಸಣಕಲು ಮೈ, ತಣ್ಣನೆಯ ಸ್ವಭಾವ, ಎದುರು ಮಾತಾಡಿದವನಲ್ಲ. ಕಳೆದ ಸುಗ್ಗಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹೊಡೆದು, ಬಂದ ಭತ್ತವೆಲ್ಲ ಹಸಿ. ಒಂದು ಮಧ್ಯಾಹ್ನ ಎಲಿವೇಟರ್ ಕಟ್ಟಿತು. ಮೋಟಾರ್ ನಿಲ್ಲಿಸಿದೆ. ಅವನು ಇಳಿದ. ಬಹಳ ಹೊತ್ತಾಯಿತು. ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ನನಗೆ ತಾಳ್ಮೆ ತಪ್ಪುತ್ತಿತ್ತು. "ಚಾಲೂ ಮಾಡ್ಲೇನು?" ಎಂದು ಕೂಗಿದೆ. ಅಂಗಾಲಿಗೆ ಅದುರು ಬಂತು. ಹಸಿರು ಬಟನ್ ಒತ್ತಿದೆ.

ಮೋಟಾರ್ ಏಳಲಿಲ್ಲ. ಒಂದು ವರ್ಷದಿಂದ ಅದು ಆಗಾಗ ಹಾಗೇ ಮಾಡುತ್ತಿತ್ತು, ತುಸು ತಡೆದು ಎರಡನೆಯ ಸಲ ಒತ್ತಿದರೆ ಏಳುತ್ತಿತ್ತು. ಸ್ಟಾರ್ಟರ್ ಹಳೆಯದಾಯಿತೆಂದು ಸುಮ್ಮನಿದ್ದೆ. ಮತ್ತೆ ಒತ್ತಿದೆ. ಮೂರನೆಯ ಸಲ ಹೆಬ್ಬೆರಳು ಊರಿ ಹಿಡಿದೆ. ಸಿಟ್ಟು ನೆತ್ತಿಗೇರಿತು. ಫ್ಯೂಜಿನ ಪೆಟ್ಟಿಗೆ ಗೋಡೆಯ ಆಚೆ, ಗುಂಡಿಯ ಪಕ್ಕದಲ್ಲಿತ್ತು. ಹೋಗಿ ತೆರೆದೆ. ಎಲಿವೇಟರಿನ ಮೂರೂ ಫ್ಯೂಜು ಇರಲಿಲ್ಲ. ಯಾರೋ ಕಿತ್ತುಕೊಂಡಿದ್ದರು. ನನ್ನನ್ನು ಕೇಳದೆ ಕೈ ಹಾಕಿದವನು ಯಾವನಲೇ ಎಂದು ಬೈಯುತ್ತ ತಿರುಗಿದವನು ಗುಂಡಿಯೊಳಗೆ ನೋಡಿದೆ.

ಅವನು ಕೆಳಗೇ ಇದ್ದ. ಮೊಣಕಾಲ ತನಕ ಭತ್ತ. ಬಲಗೈ ಭುಜದವರೆಗೂ ಬಕೆಟ್‌ಗಳ ನಡುವೆ. ಮುಖ ಮೇಲೆತ್ತಿ ಕೂಗುತ್ತಿದ್ದ, ಕೊರಳಿನ ನರ ಉಬ್ಬಿದ್ದವು. ಒಂದಕ್ಷರವೂ ನನಗೆ ಮುಟ್ಟಲಿಲ್ಲ. ಮೇಲೆ ಇಟ್ಟಿದ್ದ ಸಲಾಕೆ ತೆಗೆದುಕೊಳ್ಳಲು ಎರಡು ಮೆಟ್ಟಿಲು ಹತ್ತಿ ಮತ್ತೆ ಇಳಿದಿದ್ದನಂತೆ. ನನ್ನ ಕಾಲಿಗೆ ಬಂದ ಅದುರು ಅದು.

ಕೈ ಹೊರಗೆಳೆದುಕೊಂಡು ಮೇಲೆ ಬಂದ. ಚಡ್ಡಿಯ ಕಿಸೆಯಿಂದ ಮೂರು ಬಿಳಿ ಫ್ಯೂಜು ತೆಗೆದು ನನ್ನ ಅಂಗೈಯಲ್ಲಿಟ್ಟ. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಒತ್ತಿ ತೋರಿಸಿ, ಕಿವಿಯ ಹತ್ತಿರ ಬಂದು ಕೇಳಿದ: "ಒತ್ತಿದ್ರೇನ್ರಿ ಮಾವಾ?"

ನಾನು ಮೂರು ಬೆರಳು ತೋರಿಸಿದೆ. ಅವನು ಅಲ್ಲೇ ಭತ್ತದ ಚೀಲದ ಮೇಲೆ ಕುಸಿದು ಕೂತ. ಆ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದ.

"ಯಾವಾಗಿಂದ ಇದು?" ಎಂದು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟೆ.

"ಒಂದ್ ವರ್ಷಾತ್ರಿ, ಹ್ವಾದ ಸುಗ್ಗಿಯಿಂದ. ಇಳಿಯೋರು ಯಾರಿದ್ರೂ ಕಿಸೇದಾಗ ಇಟ್ಕೊಂಡ ಇಳಿತೀವಿ. ಮ್ಯಾಲ ಬಂದು ಹಾಕ್ತೀವಿ."

ಮೋಟಾರ್ ಏಳದ ಆ ಒಂದೊಂದು ಸಲವೂ ಗುಂಡಿಯಲ್ಲಿ ಒಬ್ಬೊಬ್ಬರು ಇದ್ದರು ಎಂಬುದು ಆಗ ಹೊಳೆಯಿತು. ಎಷ್ಟು ಸಲವೋ ನನಗೆ ಗೊತ್ತಿಲ್ಲ. ಅಷ್ಟಾದರೂ ನನ್ನ ಬಾಯಿಂದ ಮೊದಲು ಬಂದದ್ದು ಜಗಳದ ಮಾತೇ: "ಎಲ್ಲಾರೂ ಕೂಡಿ ಮುಚ್ಚಿಟ್ರೇನು? ನನಗೊಂದ್ ಮಾತು ಹೇಳಾಕ ಏನಾಗಿತ್ತು?"

"ನಿಮ್ಮ ತಂಗೀನ ಕೇಳ್ರಿ" ಎಂದನವನು.

ಅದೇ ಸಂಜೆ ತಂಗಿಯ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಡೆದದ್ದು ಅವಳ ಕಿವಿಗೆ ಆಗಲೇ ಬಿದ್ದಿತ್ತು. "ನೀನರ ಹೇಳಬಾರ್ದಿತ್ತೇನವ್ವಾ?" ಎಂದು ಕೇಳಿದೆ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ನನ್ನ ಎದುರಿಗೇ ಬಂದು ಕೂತಳು. ಗಟ್ಟಿಯಾಗಿ, ನಿಧಾನಕ್ಕೆ ಮಾತಾಡಿದಳು.

"ಹೇಳಿದ್ನಲ್ಲಣ್ಣಾ. ಹ್ವಾದ ವರ್ಷ ಪಂಚಮಿಗೆ ನೀ ಇಲ್ಲೇ ಉಣ್ಣಾಕ ಕುಂತಿದ್ದಿ. ನಿನ್ನ ಸಿಟ್ಟಿಗೆ ಅಂಜಿ ಒಲಿ ಕಡೆ ಮಾರಿ ಮಾಡಿ ಹೇಳಿದ್ನಿ. ನಿನ್ನ ಕಿವಿ ಮಂದ ಆಗ್ಯಾವ, ಬೋರ್ಡ್ ಬಿಡಣ್ಣಾ, ಒಳಗ ಇಳ್ಯಾಂವ ನನ್ನ ಗಂಡ, ಅವಂಗೇನರ ಆದ್ರ ನಾ ಉಳಿಯಂಗಿಲ್ಲ ಅಂದ್ನಿ."

"ನಾ ಏನಂದೆ?"

"ಆತು ತಂಗಿ, ಆತು ಅಂದಿ. ನಕ್ಕೋತ ಅಂದಿ. ಇನ್ನೊಂದು ರೊಟ್ಟಿ ಹಾಕು ಅಂದಿ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಮ್ಯಾಲೂ ನೀ ಬೋರ್ಡ್ ಬಿಡ್ಲಿಲ್ಲ. ನಮ್ಮಣ್ಣಗ ನನ್ನ ಗಂಡನ ಜೀವಕ್ಕಿಂತ ಆ ಬಟನ್ನ ದೊಡ್ಡದಾತು ಅಂತ ತಿಳ್ಕೊಂಡ್ನಿ. ಫ್ಯೂಜ್ ಕಿಸೇದಾಗ ಇಟ್ಕೊಂಡು ಇಳೀರಿ ಅಂತ ಅವ್ರಿಗೆ ಹೇಳಿದಾಕಿ ನಾನ."

ಆ ಪಂಚಮಿಯ ಊಟ ನನಗೆ ನೆನಪಿದೆ. ಅವಳ ಬೆನ್ನು ನೆನಪಿದೆ. ಅವಳು ಏನು ಹೇಳಿದಳೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ; ರೊಟ್ಟಿ ಹಾಕಲೇ ಎಂದು ಕೇಳಿದಳೆಂದುಕೊಂಡು ಆತು ಎಂದಿದ್ದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವಳು ನನ್ನನ್ನು ಅಂಥವನೆಂದು ತಿಳಿದುಕೊಂಡೇ, ಹೋದಾಗಲೆಲ್ಲ ಬಿಸಿ ರೊಟ್ಟಿ ಮಾಡಿ ಬಡಿಸಿದ್ದಳು.