ಚಮಚದ ಸದ್ದು ಯಾರದು

ಆಕೆಯ ಕೆಲಸ ಏನೆಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. "ಸಿನಿಮಾದಲ್ಲಿ ಎಲ್ಲರ ಪರವಾಗಿ ನಡೆಯೋದು ನಾನೇ" ಎಂದು ನಗುತ್ತಿದ್ದಳು. ಪರದೆಯ ಮೇಲೆ ನಾಯಕಿ ಮೆಟ್ಟಿಲಿಳಿದರೆ ಕೇಳಿಸುವ ಹೆಜ್ಜೆ ಈಕೆಯದು. ಖಳನಾಯಕ ಬಾಗಿಲು ತೆರೆದರೆ ಕಿರುಗುಟ್ಟುವುದು ಈಕೆಯ ಕೈಯಲ್ಲಿರುವ ಹಳೆಯ ಚರ್ಮದ ಚೀಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂಲಂಗಿ ಮುರಿದರೆ ಮೂಳೆ ಮುರಿದಂತೆ, ಮುರುಕು ಕೊಡೆಯನ್ನು ಪಟಪಟನೆ ಬಿಚ್ಚಿ ಮುಚ್ಚಿದರೆ ಬಾವಲಿ ಹಾರಿದಂತೆ. ನೆಲಮಾಳಿಗೆಯ ಆ ಸ್ಟುಡಿಯೋದಲ್ಲಿ ಮರಳು, ಜಲ್ಲಿ, ಹಲಗೆ, ಟೈಲ್ಸ್ ತುಂಬಿದ ನಾಲ್ಕು ಅಂಕಣಗಳಿದ್ದವು. ಗೋಡೆಯುದ್ದಕ್ಕೂ ನಲವತ್ತಮೂರು ಜೊತೆ ಚಪ್ಪಲಿ, ಬೂಟು. ಇಪ್ಪತ್ತಾರು ವರ್ಷ ಅವುಗಳ ನಡುವೆ ಬದುಕಿದ ಆಕೆಯನ್ನು ಅಲ್ಲಿ ಎಲ್ಲರೂ ಸದ್ದಕ್ಕ ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಮಾತ್ರ ಆಕೆ ಸದ್ದು ಮಾಡಿದ್ದನ್ನು ಯಾರೂ ಕೇಳಿದವರಿಲ್ಲ. "ಬೆಕ್ಕಿನ ಹಾಗೆ ಬಂದು ಹಿಂದೆ ನಿಂತ್ಕೋತಾಳೆ, ನನ್ನ ಪ್ರಾಣ ಒಂದಿನ ಹಾಗೇ ಹೋಗತ್ತೆ" ಎಂದು ಅಮ್ಮ ಗೊಣಗುತ್ತಿದ್ದಳು. ಗಂಡನೊಂದಿಗೆ ಹೊಂದಿಕೆಯಾಗದೆ ಮೂವತ್ತರ ವಯಸ್ಸಿಗೇ ತೌರಿಗೆ ಬಂದವಳು ಸದ್ದಕ್ಕ. ಅಂದಿನಿಂದ ಆ ಮನೆಯ ಜವಾಬ್ದಾರಿ ಆಕೆಯ ಹೆಗಲಿಗೆ ಬಿದ್ದಿತ್ತು. ಒಬ್ಬನೇ ತಮ್ಮ ಎರಡು ಬೀದಿ ಆಚೆ ಸಂಸಾರ ಹೂಡಿದ್ದ. ಕಾಲೇಜಿನಲ್ಲಿ ಪಾಠ ಹೇಳುತ್ತ, ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತ ಹೆಸರು ಮಾಡಿದ್ದ.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯಾದ ಮೂರನೇ ವರ್ಷ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಅವರನ್ನು ಕಬ್ಬಿಣದ ಮಂಚದ ಮೇಲೆ ಮಲಗಿಸಿದ್ದರು. ಕರೆಯಬೇಕೆಂದರೆ ಅವರು ಎಡಗೈಯಲ್ಲಿ ಚಮಚ ಹಿಡಿದು ಮಂಚದ ಸರಳುಗಳ ಮೇಲೆ ಎಳೆಯುತ್ತಿದ್ದರು. ಒಂದು ಸಲ ಎಳೆದರೆ ಮಗ್ಗುಲು ಬದಲಿಸಬೇಕು. ಎರಡು ಸಲವಾದರೆ ನೀರು. ಮೂರು ಸಲವಾದರೆ ಇದ್ದ ಕೆಲಸ ಬಿಟ್ಟು ತಕ್ಷಣ ಬಾ ಎಂದು. ಹನ್ನೊಂದು ತಿಂಗಳು ಹೀಗೇ ನಡೆಯಿತು. ತಮ್ಮ ಭಾನುವಾರ ಬರುತ್ತಿದ್ದ. ಹತ್ತು ನಿಮಿಷ ಕೂತು, ಅಪ್ಪನ ಮುಖ ನೋಡಲಾರದೆ ಕಿಟಕಿ ನೋಡಿ, ಎದ್ದು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಸದ್ದಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಚಮಚದ ಸದ್ದು ಎರಡು ಸಲ ಕೇಳಿಸಿತು. ನೀರು ತಾನೇ, ಇನ್ನೆರಡು ತಟ್ಟೆ ಮುಗಿಸಿ ಹೋದರಾಯಿತು ಎಂದುಕೊಂಡಳು. ಕಿವಿ ಮಾತ್ರ ಮೂರನೆಯದಕ್ಕಾಗಿ ಕಾಯುತ್ತಿತ್ತು. ಅದು ಬರಲಿಲ್ಲ. ಕೈ ಒರೆಸಿಕೊಂಡು ಹೋಗಿ ನೋಡಿದಾಗ ಚಮಚ ನೆಲದ ಮೇಲಿತ್ತು, ಅಪ್ಪನ ಉಸಿರು ನಿಂತಿತ್ತು. ನಿದ್ದೆಯಲ್ಲೇ ಹೋದರೆಂದು ಆಕೆ ಅಮ್ಮನಿಗೂ ತಮ್ಮನಿಗೂ ಹೇಳಿದಳು.

ಇದಾಗಿ ಆರು ವರ್ಷಕ್ಕೆ ಆ ನಿರ್ದೇಶಕ ಸ್ಟುಡಿಯೋಗೆ ಬಂದ. ಅವನ ದೆವ್ವದ ಚಿತ್ರಗಳೆಂದರೆ ಊರೇ ಎರಡು ಹೋಳು. ಇಂಥ ಪ್ರತಿಭೆ ಇನ್ನೊಂದಿಲ್ಲ ಎಂದು ಕೆಲವರು ತಲೆಯ ಮೇಲೆ ಹೊತ್ತುಕೊಂಡರೆ, ಹಳೆಯ ವಿದೇಶಿ ಚಿತ್ರಗಳನ್ನು ಕದ್ದು ಹೊಸ ಬಣ್ಣ ಬಳಿಯುವ ಚಾಲಾಕಿ ಎಂದು ಮಿಕ್ಕವರು ಉಗಿಯುತ್ತಿದ್ದರು. ಕ್ಷೌರದಂಗಡಿಯಲ್ಲೂ ಇದೇ ಜಗಳ. ಸದ್ದಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. ಅವನು ಸದ್ದಿನ ವಿಷಯದಲ್ಲಿ ಶ್ರದ್ಧೆಯ ಮನುಷ್ಯ, ಅಷ್ಟು ಸಾಕಾಗಿತ್ತು.

ಹೊಸ ಚಿತ್ರದ ಒಂದು ದೃಶ್ಯಕ್ಕೆ ಆಕೆ ಏಳು ಬಗೆಯ ಸದ್ದು ಮಾಡಿ ತೋರಿಸಿದಳು. ಒಂದೂ ಅವನಿಗೆ ಹಿಡಿಸಲಿಲ್ಲ. ಚಹಾ ಕುಡಿಯುವಾಗ ಕೇಳಿದ: "ಅಕ್ಕ, ನಿಮಗೆ ನಿಜವಾಗಿ ಭಯ ಆಗಿದ್ದು ಯಾವಾಗ?"

ಇಂಥ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು. ಅವನು ಅಪ್ಪನ ಬಗ್ಗೆ ಒಂದೊಂದಾಗಿ ಕೇಳುತ್ತ ಹೋದಂತೆ ಚಮಚ, ಪಾತ್ರೆ, ಎರಡು ತಟ್ಟೆ, ಎಲ್ಲವನ್ನೂ ಹೇಳಿಬಿಟ್ಟಳು. "ಕೇಳಿಸಿದ್ರೆ ಭಯ ಇಲ್ಲ ಸರ್. ಕೇಳಿಸಬೇಕಾದ್ದು ಕೇಳಿಸದೇ ಇದ್ರೆ ಭಯ."

ಮರುದಿನ ಬಂದಾಗ ಸ್ಟುಡಿಯೋದ ನಡುವೆ ಕಬ್ಬಿಣದ ಮಂಚವೊಂದು ನಿಂತಿತ್ತು. ನಿರ್ದೇಶಕ ಅದರ ಪಕ್ಕದಲ್ಲಿದ್ದ. "ಮಾಡಬಹುದಾ ಅಕ್ಕ? ಬೇಡ ಅಂದ್ರೆ ಈಗಲೇ ಹೊರಗೆ ಹಾಕಿಸ್ತೀನಿ."

ಯಂತ್ರದ ಮುಂದೆ ಕೂತವರು, ಸಹಾಯಕರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ. ಚಮಚ ತೆಗೆದುಕೊಂಡು ಎರಡು ಸಲ ಎಳೆದಳು. ಚಮಚವನ್ನು ಮಂಚದ ಮೇಲಿಟ್ಟು, ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು.

ಚಿತ್ರ ತೆರೆಕಂಡಿತು. ಆ ದೃಶ್ಯದಲ್ಲಿ ಸದ್ದು ಎರಡಕ್ಕೇ ನಿಂತಾಗ ಥಿಯೇಟರಿನಲ್ಲಿ ಮೂರನೆಯ ಸದ್ದಿಗಾಗಿ ಕಾದು ಕಾದು ಜನ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದರಂತೆ. ಹದಿನೈದು ದಿನಕ್ಕೆ ತಮ್ಮನ ಲೇಖನ ಬಂತು. ನಲವತ್ತು ವರ್ಷ ಹಿಂದಿನ ಒಂದು ವಿದೇಶಿ ಚಿತ್ರದಲ್ಲಿ ಕೈದಿಯೊಬ್ಬ ತಟ್ಟೆಯನ್ನು ಜೈಲಿನ ಸರಳಿಗೆ ಎಳೆಯುತ್ತಾನೆ, ಈ ಮಹಾಶಯ ಅದನ್ನು ಎಗರಿಸಿ ತಂದಿದ್ದಾನೆ ಎಂದು ಬರೆದಿದ್ದ. ಊರು ಹೊತ್ತಿಕೊಂಡಿತು. ಗ್ರಂಥಾಲಯದ ಸಭಾಂಗಣದಲ್ಲಿ ಭಾನುವಾರ ಬಹಿರಂಗ ಚರ್ಚೆಯೆಂದು ಗ್ರಂಥಪಾಲಕಿ ಗೊತ್ತುಮಾಡಿದಳು. ನಿರ್ದೇಶಕನೂ ಬರಲೊಪ್ಪಿದ.

ತಮ್ಮ ಫೋನ್ ಮಾಡಿದ. "ಅಕ್ಕ, ಆ ಸದ್ದು ಮಾಡಿದ್ದು ನೀನೇ ತಾನೇ? ಆ ಹಳೇ ಸಿನಿಮಾ ತೋರಿಸಿ ಹಿಂಗೇ ಬೇಕು ಅಂದಿರ್ತಾನೆ. ನೀನು ಬಂದು ಅಷ್ಟು ಹೇಳಿದ್ರೆ ಸಾಕು."

"ನನಗೆ ಯಾವ ಸಿನಿಮಾನೂ ತೋರಿಸಲಿಲ್ಲ ಕಣೋ."

"ಅವನ ಉಪ್ಪು ತಿಂದಿದ್ದೀಯ, ಅದಕ್ಕೇ ಹೀಗಂತೀಯ. ಎಲ್ಲರ ಮುಂದೆ ಕೇಳ್ತೀನಿ, ಆಗ ಸುಳ್ಳು ಹೇಳೋಕೆ ನಿನ್ನ ಕೈಲಾಗಲ್ಲ."

ಫೋನಿಟ್ಟ ಮೇಲೆ ಆಕೆಗೆ ಅನ್ನ ಸೇರಲಿಲ್ಲ. ಹೋಗದಿದ್ದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೋದರೆ ಆರು ವರ್ಷ ಮುಚ್ಚಿಟ್ಟದ್ದು ಬಾಯಿಗೆ ಬರಬೇಕು. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳ ಹಾಗೆ ಮೂರು ದಿನ ಓಡಾಡಿದಳು. ಸ್ಟುಡಿಯೋದಲ್ಲಿ ಹೆಜ್ಜೆ ತಪ್ಪಿತು. ಪರದೆಯ ಮೇಲಿನ ಮನುಷ್ಯ ನಿಂತ ಮೇಲೂ ಈಕೆ ಇನ್ನೂ ನಡೆಯುತ್ತಲೇ ಇದ್ದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿ, ಬಾಗಿಲ ಬಳಿಯೂ ಜನ ನಿಂತಿದ್ದರು. ಸದ್ದಕ್ಕ ಕೊನೆಯಿಂದ ಎರಡನೆಯ ಸಾಲಿನಲ್ಲಿ ಕೂತಳು. ತಮ್ಮ ವೇದಿಕೆಯ ಮೇಲೆ ಎರಡೂ ದೃಶ್ಯಗಳನ್ನು ಒಂದರ ಹಿಂದೆ ಒಂದು ತೋರಿಸಿದ. ಮೊದಲು ಕೈದಿಯ ತಟ್ಟೆ, ಮೂರು ಸಲ. ಆಮೇಲೆ ಚಮಚ. ಜನ ಹೋ ಎಂದರು. "ಸರಳೂ ಅದೇ, ಸದ್ದೂ ಅದೇ" ಎಂದ ತಮ್ಮ, "ಎಲ್ಲಿಂದ ತಂದ್ರಿ ಹೇಳಿ."

ನಿರ್ದೇಶಕ ಮೈಕನ್ನು ಹತ್ತಿರ ಎಳೆದುಕೊಂಡ. "ಆ ಚಿತ್ರ ನಾನು ನೋಡಿದ್ದೀನಿ. ಆದ್ರೆ ಈ ಸದ್ದು ಅದರದಲ್ಲ. ಎಲ್ಲಿಂದ ಬಂತು ಅಂತ ಹೇಳೋ ಹಕ್ಕು ನನಗಿಲ್ಲ."

"ಹಕ್ಕಿಲ್ಲವಂತೆ!" ಯಾರೋ ಶಿಳ್ಳೆ ಹೊಡೆದರು. "ಕಳ್ಳನಿಗೊಂದು ಪಿಳ್ಳೆ ನೆವ" ಎಂದು ಇನ್ನೊಬ್ಬರು ಕೂಗಿದರು. ನಿರ್ದೇಶಕ ಒಮ್ಮೆಯೂ ಕೊನೆಯ ಸಾಲುಗಳತ್ತ ನೋಡಲಿಲ್ಲ. ಅದನ್ನು ಸದ್ದಕ್ಕ ಗಮನಿಸಿದಳು.

"ಹಾಗಾದ್ರೆ ಆ ಸದ್ದು ಮಾಡಿದವರನ್ನೇ ಕೇಳೋಣ" ಎಂದ ತಮ್ಮ. "ಅವರು ನನ್ನ ಅಕ್ಕ. ಇಲ್ಲೇ ಇದ್ದಾರೆ."

ಇನ್ನೂರು ತಲೆಗಳು ತಿರುಗಿದವು. ಸದ್ದಕ್ಕ ಎದ್ದು ನಿಂತಳು. ಗ್ರಂಥಪಾಲಕಿ ಮೈಕ್ ತಂದು ಕೈಗೆ ಕೊಟ್ಟಳು.

"ಯಾವ ಸಿನಿಮಾ ನೋಡಿ ಮಾಡಿದ್ದು, ಅಕ್ಕ?"

"ಸಿನಿಮಾ ನೋಡಿ ಮಾಡಲಿಲ್ಲ. ಆ ಕೈದಿ ಎಳೆಯೋದು ಮೂರು ಸಲ. ಇದರಲ್ಲಿ ಎರಡೇ. ಮೂರನೇದು ಯಾಕಿಲ್ಲ ಅಂತ ನನಗೆ ಗೊತ್ತು."

"ಯಾಕೆ?"

"ಇಷ್ಟು ಸಾಕು ಬಿಡು."

"ಸಾಕಾಗಲ್ಲ. ಇಲ್ಲಿ ಎಲ್ಲರಿಗೂ ಗೊತ್ತಾಗಬೇಕು. ಯಾಕಿಲ್ಲ?"

ಅವನ ದನಿಯಲ್ಲಿ ಗೆದ್ದವನ ಹುರುಪಿತ್ತು. ಚಿಕ್ಕಂದಿನಲ್ಲಿ ಆಟದಲ್ಲೂ ಹೀಗೇ, ಬಿಡುತ್ತಿರಲಿಲ್ಲ.

"ಎಳೀತಿದ್ದವರು ಎರಡಕ್ಕೇ ನಿಂತುಹೋದ್ರು" ಎಂದಳು ಸದ್ದಕ್ಕ. "ಕಬ್ಬಿಣದ ಮಂಚ. ಎಡಗೈ. ನಾನು ಪಾತ್ರೆ ತೊಳೀತಿದ್ದೆ. ಇನ್ನೆರಡು ತಟ್ಟೆ ತೊಳೆದು ಹೋಗೋಣ ಅಂತ ನಿಂತೆ."

ತಮ್ಮ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದವನು ಹಾಗೇ ನಿಂತ. ಕೇಳುವ ಜನರಿಗೆ ಏನೂ ಅರ್ಥವಾಗಿರಲಿಲ್ಲ. ಅವನಿಗೆ ಅರ್ಥವಾಗುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದರು. ಮೈಕ್ ಬಾಯಿಯ ಹತ್ತಿರವೇ ಇದೆ ಎನ್ನುವುದನ್ನು ಮರೆತು, ಮೆಲ್ಲಗೆ ಅಂದ:

"ನಿದ್ದೇಲಿ ಹೋದ್ರು ಅಂದಿದ್ದೆ ನೀನು."

ಆ ಮಾತು ಸಭಾಂಗಣದ ನಾಲ್ಕೂ ಗೋಡೆಗೆ ತಗಲಿತು. ಗ್ರಂಥಪಾಲಕಿ ಹೋಗಿ ಮೈಕುಗಳನ್ನು ಆರಿಸಿ, ಹದಿನೈದು ನಿಮಿಷ ವಿರಾಮ ಎಂದಳು. ವಿರಾಮದ ಮೇಲೆ ಚರ್ಚೆ ಮುಂದುವರಿಯಲಿಲ್ಲ.

ಪುಸ್ತಕದ ಕಪಾಟುಗಳ ನಡುವಿನ ಓಣಿಯಲ್ಲಿ ತಮ್ಮ ಅವಳನ್ನು ತಡೆದ.

"ಅಪ್ಪ ಕರೆದ್ರು, ನೀನು ಹೋಗಲಿಲ್ಲ."

"ಹೌದು."

"ಅದನ್ನ ಆ ಮನುಷ್ಯನಿಗೆ ಹೇಳ್ದೆ. ನನಗೆ ಹೇಳಲಿಲ್ಲ. ಆರು ವರ್ಷ!"

"ಅವನು ಕೇಳ್ದ" ಎಂದಳು ಸದ್ದಕ್ಕ. "ಹೇಗಿದ್ರು, ಏನು ಮಾಡ್ತಿದ್ರು, ಹೇಗೆ ಕರೀತಿದ್ರು, ಎಲ್ಲ ಕೇಳ್ದ. ನೀನು ಒಂದು ದಿನ ಕೇಳಿದ್ಯಾ? ಆ ಸದ್ದು ನಿನ್ನ ಕಿವಿಗೆ ಬಿದ್ದಿದ್ರೆ ಸಿನಿಮಾದಲ್ಲಿ ಕೇಳಿದ ತಕ್ಷಣ ಗುರುತು ಹಿಡೀತಿದ್ದೆ. ವಿದೇಶಕ್ಕೆ ಹೋಗಿ ಹುಡುಕ್ತಿರಲಿಲ್ಲ."

ಅವನು ಕೈ ಎತ್ತಿದ. ಹೊಡೆಯುತ್ತಾನೇನೋ ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಅವನು ಕಪಾಟನ್ನು ಹಿಡಿದುಕೊಂಡ, ಬಿಟ್ಟ, ಹೊರಟುಹೋದ.

ಬಾಗಿಲಲ್ಲಿ ನಿರ್ದೇಶಕ ಕಾಯುತ್ತಿದ್ದ. "ನಿಮ್ಮನ್ನ ಉಳಿಸೋಕೆ ಹೇಳಲಿಲ್ಲ ಸರ್" ಎಂದಳು ಆಕೆ ಮೊದಲೇ.

"ಗೊತ್ತು." ಅವನು ನೆಲ ನೋಡಿದ. "ನಾನು ಕದ್ದೆ ಅನ್ನಿಸತ್ತಾ ಅಕ್ಕ?"

"ಕೇಳೇ ತಗೊಂಡ್ರಿ. ಆದ್ರೆ ಎಲ್ಲರೂ ನೋಡ್ತಿರುವಾಗ ಕೇಳಿದ್ರಿ. ಒಬ್ಬಳೇ ಇದ್ದಾಗ ಕೇಳಿದ್ರೆ ಬೇಡ ಅಂತಿದ್ದೆನೋ ಏನೋ." ಉತ್ತರಕ್ಕೆ ಕಾಯದೆ ಆಕೆ ಹೊರಟಳು.

ಬುಧವಾರ ಸಂಜೆ ತಮ್ಮ ಮನೆಗೆ ಬಂದ. ಯಾರೋ ಅಷ್ಟರಲ್ಲೇ ಅಮ್ಮನ ಕಿವಿಗೆ ವಿಷಯ ಹಾಕಿದ್ದರು. ಮೂವರೂ ಅಡುಗೆಮನೆಯಲ್ಲಿ ಕೂತರು. ಅಮ್ಮ ಬಟಾಣಿ ಸುಲಿಯುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ನಾನೂ ಕೇಳಿದ್ದೆ ಕಣ್ರೇ. ಪಕ್ಕದ ಕೋಣೇಲೇ ಇದ್ದೆ. ಎರಡು ಸಲ ಆಯ್ತು. ನೀರು ತಾನೇ, ಅವಳು ಹೋಗ್ತಾಳೆ ಬಿಡು ಅಂತ ಕೂತೆ. ಮಂಡಿ ನೋಯ್ತಿತ್ತು." ಸಿಪ್ಪೆಯನ್ನು ಒಂದು ಕಡೆ ಸರಿಸಿದಳು. "ನಿದ್ದೇಲಿ ಹೋದ್ರು ಅಂತ ನೀನು ಅಂದಾಗ, ನಿನಗೆ ಕೇಳಿಸಿಲ್ಲ ಅಂದ್ಕೊಂಡೆ. ನಾನೊಬ್ಬಳೇ ಅದನ್ನ ಹೊತ್ಕೊಂಡು ತಿರುಗ್ತಿದ್ದೀನಿ ಅಂತ."

ಸದ್ದಕ್ಕನ ಗಂಟಲಿನಿಂದ ಹೊರಟದ್ದು ಅಳುವೋ ಕೆಮ್ಮೋ ಅವಳಿಗೇ ತಿಳಿಯಲಿಲ್ಲ. ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಕೈ ತೆಗೆದು, "ಇನ್ನೂ ಏನೇನು ಮಾಡ್ತಿದ್ರು, ಹೇಳು" ಎಂದ. ಆಕೆ ಹೇಳಿದಳು. ಹಳೆಯ ಬಸ್ಸಿನ ದಾರಿಗಳನ್ನು ಅಪ್ಪ ಹೊದಿಕೆಯ ಮೇಲೆ ಬೆರಳಲ್ಲಿ ಬರೆಯುತ್ತಿದ್ದುದನ್ನು, ತಿರುವು ತಪ್ಪಿ ಹೇಳಿದರೆ ಎಡಗೈಯಲ್ಲಿ ಅವಳ ಮಣಿಕಟ್ಟಿಗೆ ತಟ್ಟುತ್ತಿದ್ದುದನ್ನು. ಅಮ್ಮ ನಡುವೆ ನಡುವೆ ತಿದ್ದಿದಳು.

ಮುಂದಿನ ವಾರದ ಅಂಕಣದಲ್ಲಿ ತಮ್ಮ ನಾಲ್ಕು ಸಾಲು ಬರೆದ: ಆ ಸದ್ದಿನ ಬಗ್ಗೆ ತಾನು ಹೊರಿಸಿದ ಆರೋಪ ತಪ್ಪು, ಕ್ಷಮೆಯಿರಲಿ. ಕಾರಣ ಬರೆಯಲಿಲ್ಲ. ನಿರ್ದೇಶಕನ ಅಭಿಮಾನಿಗಳು ಕುಣಿದರು, ವಿರೋಧಿಗಳು ತಮ್ಮನಿಗೇ ಲಂಚ ಮುಟ್ಟಿದೆ ಎಂದರು. ಜಗಳ ನಿಲ್ಲಲಿಲ್ಲ. ನಿರ್ದೇಶಕ ಚಿತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಲೇ ಎಂದು ಕೇಳಿ ಕಳಿಸಿದ. ಬೇಡ ಎಂದಳು ಸದ್ದಕ್ಕ. ಈ ಸಲ ಹಾಗೆನ್ನಲು ಕಷ್ಟವಾಗಲಿಲ್ಲ. ಅವನ ಮುಂದಿನ ಚಿತ್ರದ ಕೆಲಸವನ್ನೂ ಒಪ್ಪಿಕೊಳ್ಳದೆ, ಆ ವರ್ಷ ಮಕ್ಕಳ ಚಿತ್ರವೊಂದಕ್ಕೆ ಒದ್ದೆ ಕೈಗವಸು ಬಡಿದು ಬಾತುಕೋಳಿಗಳನ್ನು ನಡೆಸಿದಳು.

ಈಗ ತಮ್ಮ ವಾರದ ನಡುವೆಯೂ ಬರುತ್ತಾನೆ. ಅಕ್ಕ ತಮ್ಮ ಕೂತರೆ ಮಾತು ಸುತ್ತಿ ಬಳಸಿ ಆ ನಿರ್ದೇಶಕನಿಗೇ ಬರುತ್ತದೆ.

"ಆ ಒಂದು ಸದ್ದು ಬಿಡು. ಕನ್ನಡಿಯೊಳಗಿಂದ ಕೈ ಬರೋ ದೃಶ್ಯ ಮಾತ್ರ ಕದ್ದದ್ದೇ. ನಾನು ಆಣೆ ಮಾಡಿ ಹೇಳ್ತೀನಿ."

"ಅದು ಕದ್ದದ್ದೇ" ಎನ್ನುತ್ತಾಳೆ ಸದ್ದಕ್ಕ. "ಅದಕ್ಕೆ ಸದ್ದು ಮಾಡುವಾಗಲೇ ನನಗೆ ಗೊತ್ತಾಯ್ತು."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಚೆನ್ನಾಗಿ ಕದ್ದಿದ್ದ ಕಣೋ" ಎಂದು ಆಕೆ ಎದ್ದು, ಅವನಿಗೆ ಇನ್ನೊಂದು ಲೋಟ ಚಹಾ ಇಡಲು ಒಳಗೆ ಹೋಗುತ್ತಾಳೆ.